ರಸದಾನಿಯಲ್ಲಿ ಇರುವುದು ಯಾವ ದಾನಿ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ರಸದಾನಿ. ಜೀವಕೋಶದ ಪಾಠದಲ್ಲಿ ಬರುತ್ತದಲ್ಲ, ಇಂಗ್ಲಿಷಿನಲ್ಲಿ ವ್ಯಾಕ್ಯುಯೋಲ್ ಅನ್ನುವುದು, ಕೋಶದೊಳಗೆ ರಸ ತುಂಬಿಕೊಂಡಿರುವ ಚೀಲ, ಅದೇ.

ನಾನು ಮೂಡಿಗೆರೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕನ್ನಡ ಮಾಧ್ಯಮ. ಮಕ್ಕಳಲ್ಲಿ ಅರ್ಧಕ್ಕರ್ಧ ಕಾಫಿ ತೋಟದ ಲೈನ್ ಮನೆಗಳಿಂದ ಬರುವವರು. ಹೋದ ವಾರ ಒಂಬತ್ತನೇ ತರಗತಿಗೆ ಒಂದು ಸಣ್ಣ ಟೆಸ್ಟ್ ಕೊಟ್ಟಿದ್ದೆ. ರಸದಾನಿಯ ಕೆಲಸ ಏನು ಅಂತ ಒಂದು ಪ್ರಶ್ನೆ. ಒಬ್ಬಳು ಬರೆದಿದ್ದಳು: 'ರಸದಾನಿಯು ತನ್ನಲ್ಲಿರುವ ರಸವನ್ನು ಪಕ್ಕದ ಕೋಶಗಳಿಗೆ ದಾನ ಮಾಡುತ್ತದೆ.' ಕೆಂಪು ಗೆರೆ ಎಳೆದು ಮುಂದೆ ಹೋದೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬನದೂ ಅದೇ ಥರ. ಎಲ್ಲ ತಿದ್ದಿ ಮುಗಿಸಿದಾಗ ಏಳು ಜನ ದಾನದ ಮಾತು ಬರೆದಿದ್ದರು. ಒಬ್ಬರದು ನೋಡಿ ಇನ್ನೊಬ್ಬರು ಬರೆದಿದ್ದಾರೆ ಅನ್ನೋಣ ಅಂದರೆ ಕೂತಿದ್ದ ಜಾಗ ಬೇರೆ ಬೇರೆ, ವಾಕ್ಯಗಳೂ ಬೇರೆ ಬೇರೆ. ಏಳು ಮಕ್ಕಳೂ ಪದವನ್ನು ಬಿಡಿಸಿಕೊಂಡು, ಅದರ ಅರ್ಥ ನಂಬಿ ಉತ್ತರ ಬರೆದಿದ್ದರು. ಬಾಯಿಪಾಠ ಮಾಡಿದ ಮಕ್ಕಳಿಗೆ ಅಂಕ ಬಂತು, ಯೋಚನೆ ಮಾಡಿದವರಿಗೆ ಕೆಂಪು ಗೆರೆ. ನನಗೆ ಆವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಅವರು ದಾನಿ ಅನ್ನುವ ಮಾತನ್ನು ಎಲ್ಲಿ ಕೇಳಿದ್ದಾರೆ ನೋಡಿ. ರಕ್ತದಾನಿ. ಅನ್ನದಾನಿ. ನಮ್ಮ ಶಾಲೆಯ ಗೋಡೆಯಲ್ಲೇ ಒಂದು ಕಲ್ಲು ಇದೆ, ಜಾಗ ಕೊಟ್ಟವರ ಹೆಸರಿನ ಮೇಲೆ 'ಭೂದಾನಿಗಳು' ಅಂತ ಕೆತ್ತಿದ್ದಾರೆ. ದಿನಾ ಪ್ರಾರ್ಥನೆಗೆ ನಿಂತಾಗ ಮಕ್ಕಳ ಕಣ್ಣೆದುರು ಇರುವ ಪದ ಅದು. ಹಾಗಿದ್ದ ಮೇಲೆ ರಸದಾನಿ ಅಂದರೆ ರಸ ಕೊಡುವವನು ಅಂತ ಅಂದುಕೊಳ್ಳುವುದರಲ್ಲಿ ತಪ್ಪೇನಿದೆ?

ನನ್ನ ತಲೆಯಲ್ಲಿ ಇದ್ದದ್ದು ಹೂದಾನಿಯ ದಾನಿ. ಪಾರಸಿ ಕಡೆಯಿಂದ ಬಂದದ್ದು, ಏನನ್ನಾದರೂ ಇಟ್ಟುಕೊಳ್ಳುವ ಪಾತ್ರೆ. ಪನ್ನೀರುದಾನಿ, ಅತ್ತರುದಾನಿ, ಪೀಕದಾನಿ. ಮದುವೆ ಮನೆಯ ಬಾಗಿಲಲ್ಲಿ ಬೆಳ್ಳಿ ಪನ್ನೀರುದಾನಿ ಹಿಡಿದು ನಿಲ್ಲುತ್ತಿದ್ದದ್ದು ನನಗೆ ನೆನಪಿದೆ. ಈ ಮಕ್ಕಳು ಅದನ್ನು ನೋಡಿಲ್ಲ. ಹೂದಾನಿಯನ್ನೂ ಅವರು ವಾಸ್ ಅಂತಲೇ ಹೇಳುತ್ತಾರೆ. ಪದಕ್ಕೆ ಜೊತೆಯಾಗಿದ್ದ ಸಾಮಾನುಗಳು ಮನೆಯಿಂದ ಹೋದವು, ಪಠ್ಯದಲ್ಲಿ ಇದೊಂದು ಪದ ಒಂಟಿಯಾಗಿ ಉಳಿದುಕೊಂಡಿತು.

ಮಾರನೇ ದಿನ ತರಗತಿಯಲ್ಲಿ ಕೇಳಿದೆ, ದಾನಿ ಅಂತ ಕೊನೆಯಾಗುವ, ಆದರೆ ದಾನಕ್ಕೆ ಸಂಬಂಧ ಇಲ್ಲದ ಪದ ಯಾವುದಾದರೂ ಗೊತ್ತಾ ಅಂತ. ಯಾರೂ ಮಾತಾಡಲಿಲ್ಲ. ಆಮೇಲೆ ಮನೆಯಲ್ಲಿ ಉರ್ದು ಮಾತಾಡುವ ಒಬ್ಬ ಹುಡುಗ ಎದ್ದು ನಿಂತು, 'ಸರ್, ಸುರ್ಮಾದಾನಿ. ನಮ್ಮ ಅಜ್ಜಿ ಹತ್ರ ಇದೆ' ಅಂದ. ಕಣ್ಣಿಗೆ ಹಚ್ಚುವ ಸುರ್ಮಾ ಇಡುವ ಡಬ್ಬಿ ಅದು. ಅವನ ಉತ್ತರಪತ್ರಿಕೆ ತೆಗೆದು ನೋಡಿದೆ. ರಸ ತುಂಬಿರುವ ಚೀಲ ಅಂತ ಸರಿಯಾಗಿಯೇ ಬರೆದಿದ್ದ.

ಇಲ್ಲಿಂದ ನನ್ನ ಅನುಮಾನ ಶುರು. ಸಂಸ್ಕೃತದಲ್ಲಿ 'ದಾ' ಅಂದರೆ ಕೊಡು, ಅದರಿಂದ ದಾನ, ದಾನಿ. 'ಧಾ' ಅಂದರೆ ಇಡು, ಅದರಿಂದ ನಿಧಿ, ರಾಜಧಾನಿ. ಪಾರಸಿಯ 'ದಾನ್' ಕೂಡ ಈ ಇಡುವ ಧಾತುವಿನ ನೆಂಟನೇ. ಅಂದರೆ ಒಂದು ಮಹಾಪ್ರಾಣ ಹೋದರೆ ಇಡುವುದು ಕೊಡುವುದಾಗಿ ಬಿಡುತ್ತದೆ. ರಸಧಾನಿ ಅಂತ ಬರೆದರೆ ರಸ ಇಟ್ಟುಕೊಂಡಿರುವ ಜಾಗ ಅಂತ ನೇರವಾಗಿ ಅರ್ಥ ಬರುತ್ತದೆ, ಅಲ್ವಾ? ಪದ ಕಟ್ಟಿದವರು ಯಾವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು? ಹೂದಾನಿಯನ್ನೋ, ರಾಜಧಾನಿಯನ್ನೋ? ಮೊದಲು ರಸಧಾನಿ ಅಂತ ಇದ್ದದ್ದು ಅಚ್ಚಿನಲ್ಲಿ ಹೊಟ್ಟೆ ಸೀಳು ಕಳೆದುಕೊಂಡು ರಸದಾನಿ ಆಯಿತೋ? ನಮ್ಮ ಕಡೆ ಮಾತಿನಲ್ಲಿ ರಾಜಧಾನಿಯೂ ರಾಜದಾನಿಯೇ, ಆದ್ದರಿಂದ ಕಿವಿಯಿಂದ ಇದು ತೀರ್ಮಾನ ಆಗುವುದಿಲ್ಲ. ಹಳೆಯ ವಿಜ್ಞಾನ ಪುಸ್ತಕಗಳು, ಹಳೆಯ ಪಠ್ಯಗಳು ಯಾರ ಹತ್ತಿರ ಇದ್ದರೂ ದಯವಿಟ್ಟು ತೆರೆದು ನೋಡಿ ಹೇಳಿ.

ಹೀಗೆಲ್ಲ ಕೇಳುತ್ತಿದ್ದೇನೆ ಅಂತ ಪದ ಬದಲಾಯಿಸಬೇಕು ಅನ್ನುವವನು ನಾನಲ್ಲ. ನನಗೆ ಇಡೀ ಪಾಠದಲ್ಲಿ ಜಾಸ್ತಿ ಇಷ್ಟವಾದ ಪದವೇ ಇದು. ಇಂಗ್ಲಿಷ್ ಪದದ ಮೂಲ ಲ್ಯಾಟಿನ್, ಖಾಲಿ ಅನ್ನುವ ಅರ್ಥ. ಸೂಕ್ಷ್ಮದರ್ಶಕದಲ್ಲಿ ಖಾಲಿ ಜಾಗದ ಹಾಗೆ ಕಂಡಿತು, ಆ ಹೆಸರು ಬಂತು. ನಿಜವಾಗಿ ಅಲ್ಲಿ ಖಾಲಿ ಏನೂ ಇಲ್ಲ. ಬೆಳೆದ ಸಸ್ಯಕೋಶದಲ್ಲಿ ಈ ಒಂದು ಚೀಲವೇ ನೂರಕ್ಕೆ ತೊಂಬತ್ತು ಭಾಗದವರೆಗೂ ಜಾಗ ಹಿಡಿಯಬಹುದು. ಅದರ ತುಂಬ ನೀರು, ಉಪ್ಪು, ಸಕ್ಕರೆ, ಹುಳಿ, ಬಣ್ಣ. ಖಾಲಿ ಅನ್ನುವ ತಪ್ಪನ್ನು ಕನ್ನಡ ತಿದ್ದಿದೆ, ರಸ ತುಂಬಿದೆ ಅಂತ ಹೆಸರಿನಲ್ಲೇ ಹೇಳಿದೆ.

ನಮ್ಮ ಊರಿನಲ್ಲಿ ಇದನ್ನು ತೋರಿಸಲು ಲ್ಯಾಬೂ ಬೇಡ. ಕಾಫಿ ಹಣ್ಣಿನ ಸಿಪ್ಪೆಯ ಕೆಂಪು ರಸದಾನಿಯಲ್ಲಿ ಇರುವ ಬಣ್ಣ. ಕಿತ್ತಳೆಯ ಹುಳಿ ಇರುವುದೂ ಅಲ್ಲೇ. ಕಾಫಿ ಗಿಡ ತನ್ನ ಕೆಫೀನನ್ನು ಕ್ಲೋರೋಜೆನಿಕ್ ಆಮ್ಲದ ಜೊತೆ ಕಟ್ಟಿ ರಸದಾನಿಯೊಳಗೆ ಭದ್ರವಾಗಿ ಇಟ್ಟುಕೊಂಡಿರುತ್ತದೆ. ಮಾರ್ಚ್ ಬಿಸಿಲಿಗೆ, ಹೂಮಳೆ ಬರುವ ಮೊದಲು ಕಾಫಿ ಎಲೆ ಜೋತು ಬೀಳುತ್ತದಲ್ಲ, ಅದು ರಸದಾನಿಗಳಲ್ಲಿ ನೀರು ಕಡಿಮೆಯಾಗಿ ಒಳಗಿನ ಒತ್ತಡ ಇಳಿದದ್ದು. ಮಳೆ ಬಿದ್ದು ಬೇರು ನೀರು ಹೀರಿದರೆ ಎಲೆ ಮತ್ತೆ ಬಿರುಸಾಗಿ ನಿಲ್ಲುತ್ತದೆ. ಇನ್ನು ಮಾವಿನ ಮಿಡಿಯನ್ನು ಉಪ್ಪಿಗೆ ಹಾಕುವುದು. ಎರಡು ಮೂರು ದಿನಕ್ಕೆ ಮಿಡಿ ಮುರುಟಿಕೊಂಡು ಭರಣಿಯಲ್ಲಿ ನೀರು ನಿಂತಿರುತ್ತದೆ. ಆ ನೀರನ್ನು ಯಾರೂ ಹಾಕಿದ್ದಲ್ಲ. ಹೊರಗಿನ ಉಪ್ಪು ಜಾಸ್ತಿ ಆದದ್ದರಿಂದ ಮಿಡಿಯ ಕೋಶಗಳೊಳಗಿನ ನೀರು ಹೊರಗೆ ಬಂದದ್ದು, ಅದರಲ್ಲಿ ಹೆಚ್ಚಿನ ಪಾಲು ರಸದಾನಿಯದು. ಇಷ್ಟು ಹೇಳಿದ್ದಕ್ಕೆ ಮಕ್ಕಳು ತಮ್ಮ ಮನೆಯ ಭರಣಿಗಳ ಕಥೆ ಶುರು ಮಾಡಿದರು, ಪೀರಿಯಡ್ ಮುಗಿದದ್ದೇ ಗೊತ್ತಾಗಲಿಲ್ಲ.

ದಾನ ಅಂತ ಬರೆದ ಆ ಹುಡುಗಿಯ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದೆ. ನೀರು ಕೋಶದಿಂದ ಕೋಶಕ್ಕೆ ಸರಿಯುತ್ತದೆ, ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ಅಭಿಸರಣೆ ಅನ್ನುವುದು ಅದನ್ನೇ. ಏಳೂ ಜನಕ್ಕೆ ಅರ್ಧ ಅಂಕ ಸೇರಿಸಿದ್ದೇನೆ.

ಇದೇ ಪಾಠದ ಇನ್ನೊಂದು ಪದ ಕೋಶಕೇಂದ್ರ, ಇಂಗ್ಲಿಷಿನ ನ್ಯೂಕ್ಲಿಯಸ್. ಇದು ರಸದಾನಿಗೆ ಅಂಟಿಕೊಂಡ ತೊಡಕು. ಈರುಳ್ಳಿ ಪೊರೆ ಸುಲಿದು, ಅಯೋಡಿನ್ ಹಾಕಿ ತೋರಿಸಿದರೆ ಕೋಶಕೇಂದ್ರ ಎಷ್ಟೋ ಸಲ ಒಂದು ಬದಿಗೆ, ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ. ನಡುವೆಲ್ಲ ರಸದಾನಿ. 'ಸರ್, ಕೇಂದ್ರ ಯಾಕೆ ಮೂಲೆಯಲ್ಲಿದೆ?' ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳಲ್ಲಿ ಇದನ್ನು ಗುರುತಿಸಿ ನ್ಯೂಕ್ಲಿಯಸ್ ಅಂತ ಕರೆದಾಗ ಆ ಲ್ಯಾಟಿನ್ ಪದಕ್ಕೆ ಇದ್ದ ಅರ್ಥ ಕಾಯೊಳಗಿನ ತಿರುಳು, ಬೀಜ. ನಡುಮಧ್ಯ ಅಂತ ಅಲ್ಲ. ತಿರುಳು ಅಂತಲೇ ಕನ್ನಡಕ್ಕೆ ತಂದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ. ಈಗ ನಾನು ತಾಲ್ಲೂಕು ಕೇಂದ್ರ, ಜಿಲ್ಲಾ ಕೇಂದ್ರದ ಉದಾಹರಣೆ ಕೊಡುತ್ತೇನೆ. ಜಿಲ್ಲಾ ಕೇಂದ್ರ ನಕ್ಷೆಯ ಸರಿ ನಡುವೆ ಇರಬೇಕು ಅಂತೇನೂ ಇಲ್ಲ, ದಾಖಲೆ ಇರುವುದು ಅಲ್ಲಿ, ಆದೇಶ ಹೊರಡುವುದು ಅಲ್ಲಿಂದ. ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತದೆ. ಆದರೆ ಮರುದಿನವೇ ಮೈಟೊಕಾಂಡ್ರಿಯವನ್ನು ಕೋಶದ ಶಕ್ತಿಕೇಂದ್ರ ಅಂತ ಹೇಳಬೇಕಾಗುತ್ತದೆ, ಆಗ ಎರಡು ಕೇಂದ್ರಗಳೂ ಕಲಸಿಹೋಗುತ್ತವೆ. ಮೈಟೊಕಾಂಡ್ರಿಯಕ್ಕೆ ಕನ್ನಡದ ಹೆಸರು ಹುಡುಕುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಗ್ರೀಕ್‌ನಲ್ಲಿ ಅದಕ್ಕೆ ನೂಲು ಮತ್ತು ಕಾಳು ಸೇರಿದ ಅರ್ಥ, ಕಂಡ ಆಕಾರದ ಮೇಲೆ ಇಟ್ಟ ಹೆಸರು. ಅನುವಾದ ಮಾಡಿದರೂ ಅದರ ಕೆಲಸದ ಬಗ್ಗೆ ಏನೂ ತಿಳಿಯುವುದಿಲ್ಲ.

ಈಗ ಕಣದಂಗ. ಕೋಶದೊಳಗಿನ ಪುಟ್ಟ ಪುಟ್ಟ ಅಂಗಗಳಿಗೆಲ್ಲ ಸೇರಿಸಿ ಇಟ್ಟ ಹೆಸರು. ಇದನ್ನು ಬಿಡಿಸುವುದು ಹೇಗೆ? ಕಣ, ಅಂಗ ಎರಡನ್ನು ಸೇರಿಸಿದರೆ ಸವರ್ಣದೀರ್ಘವಾಗಿ ಕಣಾಂಗ ಆಗಬೇಕಿತ್ತು. ಕಣದಂಗ ಆಗಬೇಕಾದರೆ ಕಣದ ಅಂಗ ಅಂತ ಬಿಡಿಸಿ ಲೋಪಸಂಧಿ ಅನ್ನಬೇಕು. ಆಗ 'ಕಣಕ್ಕೆ ಸೇರಿದ ಅಂಗ' ಅಂತಾಗುತ್ತದೆ. ಯಾವ ಕಣ? ಮೊದಲು ಕೋಶವನ್ನು ಜೀವಕಣ ಅಂತಲೂ ಬರೆಯುತ್ತಿದ್ದರು. ಆ ಕಣವೇ ಇಲ್ಲಿರುವುದಾದರೆ ಜೀವಕಣದ ಅಂಗ, ಕಣದಂಗ. ಹಾಗಿದ್ದರೆ ಪದ ಪೂರ್ತಿ ಸರಿಯಾಗಿದೆ, ಕಣ ಹೋಗಿ ಕೋಶ ಬಂದ ಮೇಲೆ ಅದರ ಕೊಂಡಿ ತಪ್ಪಿದೆ ಅಷ್ಟೇ. ಇದು ನನ್ನ ಊಹೆ. ತಿಳಿದವರು ತಿದ್ದಬೇಕು.

ಮಕ್ಕಳು ಮಾತ್ರ ಇದನ್ನು ಬೇರೆಯೇ ಥರ ಬಿಡಿಸಿಕೊಂಡಿದ್ದಾರೆ. 'ಕಣದಂಗೆ ಇರ್ತವಲ್ಲ ಸರ್, ಅದಕ್ಕೆ ಕಣದಂಗ.' ಕಣದ ಹಾಗೆ ಇರುವುದು! ವ್ಯಾಕರಣ ಒಪ್ಪುವುದಿಲ್ಲ, ಆದರೆ ಚಿತ್ರ ನೋಡಿದರೆ ಇಲ್ಲ ಅನ್ನುವುದಕ್ಕೆ ಆಗುವುದಿಲ್ಲ. ನನ್ನ ಊರು ಬೇಲೂರು ಕಡೆ, ಬಯಲಿನ ಭಾಗ. ಅಲ್ಲಿ ಕಣ ಅಂದರೆ ರಾಗಿ ಒಕ್ಕುವ ಕಣ, ಸಗಣಿ ಸಾರಿಸಿ, ಗುಂಡು ಹೊಡೆದು, ರಾಶಿ ಪೂಜೆ ಮಾಡುವ ಜಾಗ. ಇದು ನಮ್ಮ ನುಡಿಯ ಕಣ, ತಮಿಳಿನ ಕಳಂ ಇದರ ಬಳಗ. ಸಣ್ಣ ತುಣುಕು ಅನ್ನುವ ಕಣ ಸಂಸ್ಕೃತದ್ದು. ನಾನು ಹೈಸ್ಕೂಲಿನಲ್ಲಿ ಓದುವಾಗ ಕಣದಂಗ ಅಂದರೆ ಕಣದ ಅಂಗಳ ಅಂದುಕೊಂಡಿದ್ದೆ. ಕೋಶದೊಳಗೆ ಎಲ್ಲ ಕೆಲಸ ನಡೆಯುವ ಅಂಗಳ ಅಂತ. ಬಹಳ ದಿನ ಹಾಗೇ ಇತ್ತು, ಯಾರೂ ಬಿಡಿಸಿ ಹೇಳಿರಲಿಲ್ಲ.

ಕೊನೆಯದು ಲೈಸೋಸೋಮ್, ಇದೂ ಕೋಶದೊಳಗಿನ ಒಂದು ಕಣದಂಗ. ಅದನ್ನು ಆತ್ಮಹತ್ಯಾ ಸಂಚಿ ಅಂತ ಹೇಳಿಕೊಡುವುದು ರೂಢಿ. ನಾನು ಈ ವರ್ಷದಿಂದ ಆ ಮಾತು ಬಿಟ್ಟಿದ್ದೇನೆ. ಹದಿನಾಲ್ಕು ವರ್ಷದ ಮಕ್ಕಳ ಎದುರು ಆ ಪದವನ್ನು ಅಷ್ಟು ಸಲೀಸಾಗಿ ಆಡುವುದು ನನಗೆ ಸರಿ ಕಾಣುವುದಿಲ್ಲ. ವಿಷಯಕ್ಕೂ ಅದು ಅಷ್ಟು ಹೊಂದುವುದಿಲ್ಲ. 1955ರಲ್ಲಿ ಕ್ರಿಸ್ಟಿಯಾನ್ ಡಿ ಡ್ಯೂವ್ ಇಟ್ಟ ಹೆಸರಿನ ಅರ್ಥ ಕರಗಿಸುವ ಕಾಯ, ಅಷ್ಟೇ. ಕೋಶದಲ್ಲಿ ಹಳತಾದ, ಸವೆದ ಭಾಗಗಳನ್ನು ಒಳಗೆ ಎಳೆದುಕೊಂಡು, ಕರಗಿಸಿ, ಮತ್ತೆ ಬಳಸುವ ಹಾಗೆ ಮಾಡುವುದು ಅದರ ದಿನನಿತ್ಯದ ಕೆಲಸ. ಮನೆಯ ಹಿಂದಿನ ತಿಪ್ಪೆಗುಂಡಿ ಮಾಡುವುದೂ ಅದನ್ನೇ ಅಲ್ವಾ, ಕೊಳೆತದ್ದು ಗೊಬ್ಬರವಾಗಿ ಗದ್ದೆಗೆ ವಾಪಸ್ ಹೋಗುತ್ತದೆ. ಸಂಚಿ ಅನ್ನುವ ಪದ ಮಾತ್ರ ಉಳಿಯಲಿ, ಎಲೆಅಡಿಕೆ ಸಂಚಿ ಇನ್ನೂ ನಮ್ಮ ಅಜ್ಜಿಯರ ಸೊಂಟದಲ್ಲಿದೆ. ಕರಗುಸಂಚಿ ಅಂದರೆ ಹೇಗೆ? ಅರಗಿಸುವ ಸಂಚಿ? ನಿಮಗೆ ಇನ್ನೂ ಒಳ್ಳೆಯದು ಹೊಳೆದರೆ ಬರೆಯಿರಿ.

ಇದರಲ್ಲಿ ಅವಸರ ಇರುವುದು ರಸದಾನಿಗೆ. ನಮ್ಮ ಲ್ಯಾಬಿನ ಗೋಡೆಗೆ ಸಸ್ಯಕೋಶದ ದೊಡ್ಡ ಚಿತ್ರ ಬರೆಸುತ್ತಿದ್ದೇವೆ, ಗೆರೆ ಎಳೆದು ಆಗಿದೆ, ಹೆಸರು ಬರೆಯುವುದು ಬಾಕಿ. ಪೇಂಟರ್ ಸೋಮವಾರ ಬರುತ್ತಾರೆ. ಪಠ್ಯದಲ್ಲಿ ಇರುವ ಹಾಗೆ ದ ಬರೆಸಿ, ಪಕ್ಕದಲ್ಲಿ ಒಂದು ಹೂದಾನಿಯ ಚಿತ್ರ ಹಾಕಿಸೋಣ ಅಂದುಕೊಂಡಿದ್ದೇನೆ. ಧ ಇರುವ ಹಳೆಯ ಬಳಕೆ ಯಾರಿಗಾದರೂ ಸಿಕ್ಕರೆ ಅಷ್ಟರೊಳಗೆ ತಿಳಿಸಿ.