ಕಣಿವೆ: ದಾಟುವುದೋ, ಇಳಿಯುವುದೋ?

ಗೆಳೆಯರೇ,

ಮಕ್ಕಳಿಗಾಗಿ ಹಿಮಾಲಯದ ಬಗ್ಗೆ ಒಂದು ಸಣ್ಣ ಬರಹ ಸಿದ್ಧ ಮಾಡುತ್ತಿದ್ದೇನೆ. ಅದರಲ್ಲಿ ಹೀಗೊಂದು ವಾಕ್ಯ ಬಂತು: "ಬನಿಹಾಲ್ ಕಣಿವೆ ದಾಟಿದರೆ ಕಾಶ್ಮೀರ ಕಣಿವೆ ಸಿಗುತ್ತದೆ." ಬರೆಯುವಾಗ ನನಗೇನೂ ಅನ್ನಿಸಲಿಲ್ಲ. ಮಗಳಿಗೆ ಓದಿ ಹೇಳಿ, ಇದರ ಚಿತ್ರ ಬರಿ ಅಂದೆ. ಅವಳು ಮೂರು ಬೆಟ್ಟ ಬರೆದಳು. ನಡುವೆ ಎರಡು ತಗ್ಗು. ಒಂದು ತಗ್ಗಿನ ತಳದಲ್ಲಿ ಬನಿಹಾಲ್ ಅಂತ ಹೆಸರು ಹಾಕಿದಳು, ಪಕ್ಕದ ತಗ್ಗಿನ ತಳದಲ್ಲಿ ಕಾಶ್ಮೀರ ಅಂತ.

ಅವಳದೇನೂ ತಪ್ಪಿಲ್ಲ. ನಾನು ಕೊಟ್ಟ ಪದವೇ ಹಾಗಿತ್ತು. ಬನಿಹಾಲ್ ಇರುವುದು ಬೆಟ್ಟದ ಸಾಲಿನ ಮೇಲೆ, ಸುಮಾರು 2,800 ಮೀಟರ್ ಎತ್ತರದಲ್ಲಿ. ಶ್ರೀನಗರ ಅದಕ್ಕಿಂತ ಸಾವಿರ ಮೀಟರಿಗೂ ಜಾಸ್ತಿ ಕೆಳಗಿದೆ. ಮೇಲಿನ ದಾರಿ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿಹೋಗುತ್ತಿತ್ತು. ಅದಕ್ಕೇ ಅದರ ಕೆಳಗೆ ಬೆಟ್ಟ ಕೊರೆದು 1956ರಲ್ಲಿ ಜವಾಹರ್ ಸುರಂಗ ತೆರೆದರು. ಬನಿಹಾಲ್ ಹತ್ತಿ ಇಳಿಯುವ ದಾರಿ. ಕಾಶ್ಮೀರ ಜನ ಉತ್ತು ಬಿತ್ತಿ ಬಾಳುವ ಅಗಲವಾದ ನೆಲ. ಎರಡಕ್ಕೂ ನಾವು ಕಣಿವೆ ಅಂತಲೇ ಬರೆಯುತ್ತೇವೆ. ಖೈಬರ್ ಕಣಿವೆ, ಬೋಲನ್ ಕಣಿವೆ ಅಂದರೆ ದಾರಿ. ಗಾಲ್ವಾನ್ ಕಣಿವೆ, ಸಿಂಧೂ ಕಣಿವೆ ಅಂದರೆ ನೆಲ. ದೊಡ್ಡವರಿಗೆ ಸಂದರ್ಭ ನೋಡಿ ಗೊತ್ತಾಗುತ್ತದೆ. ಮೊದಲ ಸಲ ಓದುವ ಮಗುವಿಗೆ ಹೇಗೆ ಗೊತ್ತಾಗಬೇಕು?

ಹೋದ ವಾರ ಮೈಸೂರಿನಿಂದ ಊರಿಗೆ ಹೋಗಿದ್ದೆ. ಪಾಂಡವಪುರದ ಕಡೆ ನಮ್ಮ ಊರು. ಅಮ್ಮ ಜಗಲಿಯಲ್ಲಿ ಕೂತು ರಾಗಿ ಕೇರುತ್ತಿದ್ದರು. "ಅಮ್ಮ, ಕಣಿವೆ ಅಂದ್ರೆ ಏನು?" ಅಂತ ಕೇಳಿದೆ. ಅವರು ಮೊರ ಕೆಳಗಿಟ್ಟು ಎರಡೂ ಅಂಗೈಗಳನ್ನು ಎದುರುಬದುರು ನಿಲ್ಲಿಸಿದರು. "ಇದೊಂದು ಗುಡ್ಡ, ಇದೊಂದು ಗುಡ್ಡ. ಮಧ್ಯೆ ಗಾಡಿ ಹಾಯೋ ಸಂದಿ ಐತಲ್ಲ, ಅದು ಕಣುವೆ." ಹಾಗಾದರೆ ಅಲ್ಲಿಂದ ಆಚೆ, ಕೆಳಗೆ ಕಾಣುವ ಗದ್ದೆಗಿದ್ದೆ? "ಅದು ಬಯಲು ಕಣಪ್ಪ." ಅವರ ಮಾತಿನಲ್ಲಿ ಕಣಿವೆಯಲ್ಲಿ ಯಾರೂ ವಾಸ ಮಾಡುವುದಿಲ್ಲ. ಕಣಿವೆಯನ್ನು ಹಾಯುತ್ತಾರೆ, ಅಷ್ಟೇ. ಕತ್ತಲಾದ ಮೇಲೆ ಕಣುವೆ ಹಾಯಬೇಡಿ ಅಂತ ಅವರ ಅಪ್ಪ ಗಾಡಿ ಹೊಡೆಯುವವರಿಗೆ ಹೇಳುತ್ತಿದ್ದರಂತೆ.

ಆ "ಹಾಯುವುದು" ನನ್ನ ತಲೆಯಲ್ಲಿ ಉಳಿಯಿತು. ಪದದ ಅರ್ಥ ಮಸುಕಾದಾಗ ಅದರ ಪಕ್ಕದ ಕ್ರಿಯಾಪದ ನೋಡಬೇಕು ಅನ್ನಿಸುತ್ತದೆ. ಕಣಿವೆ ಹಾಯಿ, ಕಣಿವೆ ದಾಟು ಅಂದಾಗ ಅದು ಬಾಗಿಲಿನ ಜಾತಿಗೆ ಸೇರಿದ್ದು, ಹೊಸಿಲಿನ ಹಾಗೆ. ಕಣಿವೆಗೆ ಇಳಿ, ಕಣಿವೆಯಲ್ಲಿ ಬದುಕು ಅಂದಾಗ ಅದು ಊರಿನ ಜಾತಿಗೆ ಸೇರಿದ್ದು.

ಅಮ್ಮನ ಅರ್ಥವೇ ಹಳೆಯದು ಅನ್ನುವುದಕ್ಕೆ ನನಗೆ ಸಿಕ್ಕ ಗಟ್ಟಿ ಸಾಕ್ಷಿ ಮಾರಿಕಣಿವೆ. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರಕ್ಕೆ ಜನ ಇವತ್ತಿಗೂ ಹೇಳುವ ಹೆಸರು ಅದೇ. ವೇದಾವತಿ ನದಿ ಎರಡು ಬೆಟ್ಟಗಳ ನಡುವೆ ಇಕ್ಕಟ್ಟಿನಲ್ಲಿ ತೂರಿ ಹೋಗುವ ಕಡೆ, ಮೈಸೂರು ಸರ್ಕಾರ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟು. ಅಲ್ಲಿ ಕಣಿವೆ ಮಾರಮ್ಮನ ಗುಡಿ ಇದೆ. ಅಣೆಕಟ್ಟು ನಿಂತಿರುವುದು ಕಣಿವೆಯಲ್ಲಿ, ಅಂದರೆ ಸಂದಿಯಲ್ಲಿ. ಅಣೆಕಟ್ಟಿನ ಹಿಂಬದಿಯಲ್ಲಿ ನೀರು ತುಂಬಿಕೊಂಡ ವಿಶಾಲ ಜಾಗಕ್ಕೆ ಆ ಹೆಸರು ಬಂದದ್ದು ಆಮೇಲೆ. ನಮ್ಮ ಕಡೆಯ ಚರಿತ್ರೆಯಲ್ಲೂ ಗಜ್ಜಲಹಟ್ಟಿ ಕಣಿವೆ ಬರುತ್ತದೆ. 1790ರಲ್ಲಿ ಟಿಪ್ಪುವಿನ ಸೇನೆ ಕೊಯಮತ್ತೂರಿನ ಕಡೆಗೆ ಇಳಿದ ದಾರಿ ಅದು.

ನೆರೆಯ ಭಾಷೆಗಳೂ ಅಮ್ಮನ ಪರ ಇವೆ. ತಮಿಳಿನಲ್ಲಿ ಕಣವಾಯ್, ತೆಲುಗಿನಲ್ಲಿ ಕನುಮ. ಎರಡಕ್ಕೂ ಬೆಟ್ಟದ ನಡುವಿನ ದಾರಿ ಅಂತಲೇ ಅರ್ಥ. ತೆಲುಗಿನವರು ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪಶ್ಚಿಮ ಘಟ್ಟಗಳಿಗೆ ಪಡಮಟಿ ಕನುಮಲು ಅನ್ನುತ್ತಾರೆ. ಅವರಲ್ಲಿ ಆ ಪದ ದಾರಿಯಿಂದ ಬೆಟ್ಟಕ್ಕೆ ಹತ್ತಿತು. ನಮ್ಮಲ್ಲಿ ಅದೇ ದಾರಿಯಿಂದ ತಗ್ಗಿಗೆ ಇಳಿಯಿತು!

ಬೆಟ್ಟಕ್ಕೆ ಹತ್ತಿದ ನಮ್ಮ ಪದ ಘಟ್ಟ. ಶ್ರೀರಂಗಪಟ್ಟಣದಲ್ಲಿ ಒಂದೇ ಬೆಳಿಗ್ಗೆ ಅದರ ಎರಡು ಅರ್ಥ ನೋಡಬಹುದು. ಪಶ್ಚಿಮವಾಹಿನಿಯ ಸ್ನಾನಘಟ್ಟದಲ್ಲಿ ಅದು ನೀರಿಗೆ ಇಳಿಯುವ ಮೆಟ್ಟಿಲು. ಅಲ್ಲಿಂದ ಸ್ವಲ್ಪ ದೂರದ ಕರಿಘಟ್ಟದಲ್ಲಿ ಅದು ಮೆಟ್ಟಿಲು ಹತ್ತಿ ಶ್ರೀನಿವಾಸನ ದರ್ಶನ ಮಾಡುವ ಬೆಟ್ಟ. ಚಾಮರಾಜನಗರ ದಾಟಿ ಸತ್ಯಮಂಗಲಕ್ಕೆ ಹೋಗುವ ಡ್ರೈವರುಗಳ ಬಾಯಲ್ಲಿ ದಿಂಬಂ ಘಾಟ್ ಅಂದರೆ 27 ತಿರುವಿನ ರಸ್ತೆ. ಮಂಗಳೂರಿನ ಕಡೆಯವರಿಗೆ ನಾವೆಲ್ಲ "ಘಟ್ಟದವರು". ಅಲ್ಲಿ ಅದು ಒಂದು ಸೀಮೆಯ ಹೆಸರೇ ಆಗಿಬಿಟ್ಟಿದೆ.

ಹಾಯುವ ಜಾಗದ ಪದ ಇರುವ ಜಾಗಕ್ಕೆ ಹಬ್ಬುವುದು ಬೆಟ್ಟದಲ್ಲಿ ಮಾತ್ರ ಅಲ್ಲ. ನಮ್ಮೂರಲ್ಲಿ ಓಣಿ ಅಂದರೆ ಎರಡೂ ಕಡೆ ಬೇಲಿ ಇರುವ, ಹೊಲಕ್ಕೆ ಹೋಗುವ ಗಾಡಿ ಜಾಡು. ಧಾರವಾಡದ ಗೆಳೆಯ "ನಮ್ಮ ಓಣಿಯವರು" ಅಂದಾಗ ಅಷ್ಟೂ ಮನೆ, ಮಂದಿ, ಗಣಪತಿ ಪೆಂಡಾಲು ಎಲ್ಲ ಅದರಲ್ಲಿ ಬಂತು.

ಹಾಗಾಗಿ ಕಣಿವೆಯ ಅರ್ಥ ಜಾರಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಾಶ್ಮೀರ ಕಣಿವೆ ಎಲ್ಲರ ನಾಲಿಗೆಗೂ ಹತ್ತಿದೆ, ಅದನ್ನು ಬದಲಾಯಿಸಲು ಹೋಗಬಾರದು. ಅದರ ಬದಲು ಬಯಲು ಅನ್ನೋಣವೇ ಅಂತ ಯೋಚಿಸಿದೆ. ಸಿಂಧೂ ಬಯಲಿನ ನಾಗರಿಕತೆ ಅಂತ ಶಾಲೆಯಲ್ಲಿ ಓದಿದ ನೆನಪಿದೆ. ಆದರೆ ಬಯಲುಸೀಮೆಯವನಾದ ನನಗೆ ಬಯಲು ಅಂದ ಕೂಡಲೇ ಸುತ್ತಲಿನ ಬೆಟ್ಟ ಮಾಯವಾಗುತ್ತದೆ. ಕೊಳ್ಳ ಇನ್ನೂ ಒಳ್ಳೆಯ ಪದ. ಸವದತ್ತಿಯ ತಾಯಿ ಏಳುಕೊಳ್ಳದ ಎಲ್ಲಮ್ಮ ತಾನೇ? ಆದರೆ ಮಂಡ್ಯದಲ್ಲಿ ಕೊಳ್ಳ ಅಂದರೆ ಕಾವೇರಿ ಕೊಳ್ಳ. ನದಿಗೆ ನೀರು ಹರಿದುಬರುವ ಇಡೀ ಪ್ರದೇಶಕ್ಕೆ ಅದು ಮೀಸಲಾಗಿದೆ.

ಸದ್ಯಕ್ಕೆ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: "ಬನಿಹಾಲ್ ಕಣಿವೆದಾರಿ ಹತ್ತಿ ಆಚೆ ಇಳಿದರೆ ಕಾಶ್ಮೀರ ಕಣಿವೆ." ಮಗಳು ಈ ಸಲ ಬೆಟ್ಟದ ನೆತ್ತಿಯಲ್ಲಿ ಒಂದು ಕಚ್ಚು ಮಾಡಿ, ಅದರ ಮೇಲೆ ಗೆರೆ ಎಳೆದಳು. ಚಿತ್ರ ಸರಿಯಾಯಿತು. ಆದರೂ "ದಾರಿ" ಅಂತ ಬಾಲ ಅಂಟಿಸಿದ್ದು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಅಮ್ಮನಿಗೆ ಆ ಬಾಲ ಬೇಕಿರಲಿಲ್ಲ ಅಲ್ವಾ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಕಡೆ ಹಿರಿಯರು ಕಣಿವೆ "ದಾಟುತ್ತಾರೋ", ಕಣಿವೆಗೆ "ಇಳಿಯುತ್ತಾರೋ"? ಮಲೆನಾಡಿನವರು ಎರಡು ಗುಡ್ಡದ ನಡುವಿನ ತೋಟ ಗದ್ದೆಯ ಜಾಗಕ್ಕೆ ಬೇರೆ ಹೆಸರು ಇಟ್ಟಿದ್ದೀರಾ? ಹೆಸರಿನಲ್ಲಿ ಕಣಿವೆ ಇರುವ ಊರೋ ಗುಡಿಯೋ ನಿಮಗೆ ಗೊತ್ತಿದ್ದರೆ, ಅದು ಬೆಟ್ಟದ ಸಂದಿನಲ್ಲಿದೆಯೋ ಕೆಳಗಿನ ಬಯಲಿನಲ್ಲಿದೆಯೋ, ದಯವಿಟ್ಟು ನೋಡಿ ಬರೆಯಿರಿ.