ಬಸ್ಯಾನ ಲಕ್ಷ ರೂಪಾಯಿ ಮಾಲು

“ಮುಟ್ಟಬ್ಯಾಡಲೇ, ಎಣ್ಣಿ ಕೈ ಐತಿ ನಿಂದು, ಇದು ಲಕ್ಷ ರೂಪಾಯಿ ಮಾಲು!” ಅಂತ ಬಸ್ಯಾ ನಾಣ್ಯ ಹಿಂದಕ್ಕ ಎಳಕೊಂಡ. ದುರ್ಗದಬೈಲಿನ್ಯಾಗ ಮಿರ್ಚಿ ಹಿಡಕೊಂಡು ನಿಂತವ್ರ ಕೈ ಮತ್ತ ಹೆಂಗಿರ್ತೈತಿ. ಬಗ್ಗಿ ನೋಡಿದ್ರ ಬರೇ ಒಂದ್ ರೂಪಾಯಿ, ಇಂಗ್ಲಿಷ್‌ನ್ಯಾಗ ಬರದ ‘ಇಂಡಿಯಾ’ದೊಳಗ ಮೊದಲ್ನೇ ಅಕ್ಷರ ಮಂಗಮಾಯ. ಹಿಂಗ ಅಚ್ಚು ತಪ್ಪಿದ ‘ಎರರ್’ ನಾಣ್ಯಕ್ಕ ಭಾಳ ರೊಕ್ಕ ಸಿಗ್ತೈತಂತ ಬಸ್ಯಾನ ನಂಬಿಕಿ.

ಮಾಸ್ತರ್ರು ಭೂತಗನ್ನಡಿ ತಗದ್ರು. ರಿಟೈರ್ ಆದಮ್ಯಾಲೆ ಅವರ ಕಿಸೆದಾಗ ಪೆನ್ನಿನ ಜಾಗಾಕ್ಕ ಅದ ಬಂದೈತಿ. “ನಾಣ್ಯ ಹೊಡಿಯೂ ಅಚ್ಚಿನ ತಗ್ಗಿನ್ಯಾಗ ಗ್ರೀಸು, ಹೊಲಸು ತುಂಬಿದ್ರ ಲೋಹ ಒಳಗ ಇಳಿಯಂಗಿಲ್ಲ, ಅಕ್ಷರ ಮೂಡಂಗಿಲ್ಲ, ಭಾಳ ಕಾಮನ್ ಅದು. ಇಲ್ಲಾ ಯಾರರ ಉಜ್ಜಿರ್ತಾರ, ಉಜ್ಜಿದ್ರ ಗೀರು ಕಾಣ್ತಾವು.”

ಮಂಜ್ಯಾ ಸುಮ್ನಿರ್ತಾನೇನ್ರಿ, “ಸರ, ನನ್ನ ನಾಣ್ಯದಾಗ ಇಸ್ವಿ ಕೆಳಗ ನಕ್ಷತ್ರ ಮೂಡೈತ್ರಿ, ಎರರ್ ಅಲ್ಲೇನ್ರಿ ಅದು?”

“ಅದು ಹೈದರಾಬಾದ್ ಟಂಕಸಾಲಿ ಗುರ್ತಪಾ. ದುಂಡನ ಬೊಟ್ಟು ಇದ್ರ ನೊಯ್ಡಾ, ವಜ್ರದ ಆಕಾರ ಇದ್ರ ಮುಂಬೈ, ಏನೂ ಇಲ್ಲಂದ್ರ ಕೋಲ್ಕತ್ತಾ.”

“ಅಂದ್ರ ಕೋಲ್ಕತ್ತಾದವ್ರು ಹಾಕೂದು ಮರತಾರ?”

“ಮರತಿಲ್ಲೋ ಮಾರಾಯ, ಇಲ್ಲದ್ದ ಅವರ ಗುರ್ತು!”

ಖರೇ ಎರರ್ ಅಂದ್ರ ಹೆಂಗಿರ್ತೈತ್ರಿ ಅಂತ ನಾ ಕೇಳಿದ್ದ ತಡ, ಮಾಸ್ತರ್ರು ಚಾ ಆರಿದ್ದೂ ನೋಡದ ಚಾಲೂ ಆದ್ರು. ಹೊಡದ ನಾಣ್ಯ ಅಚ್ಚಿಗೇ ಅಂಟಿ ಕುಂತು, ಮುಂದಿನ ಖಾಲಿ ಬಿಲ್ಲೆ ಬಂದು ಅದಕ್ಕ ಬಡೀತಂದ್ರ, ಒಂದು ಕಡೆ ಚಿತ್ರ ನೆಟ್ಟಗ ಬರ್ತೈತಿ, ಇನ್ನೊಂದು ಕಡೆ ಅದ ಚಿತ್ರ ಒಳಗ ತಗ್ಗಾಗಿ, ಅಕ್ಷರೆಲ್ಲಾ ಉಲ್ಟಾ, ಕನ್ನಡಿಯಾಗ ಕಂಡಂಗ. ಬ್ರಾಕೇಜ್ ಅಂತಾರ ಅದಕ್ಕ. “ಆದ್ರ ನಮ್ಮ ಮಂದಿ ಏನ್ ಕಡಿಮಿ ಇಲ್ಲ, ಎರಡು ನಾಣ್ಯ ವೈಸಿನ್ಯಾಗ, ಅಂದ್ರ ಗ್ಯಾರೇಜಿನ ಬಿಗಿಯೂ ಇಕ್ಕಳದಾಗ, ಹಾಕಿ ಒತ್ತಿ ಹಂತಾದ್ದೂ ತಯಾರ್ ಮಾಡ್ತಾರ, ಹಂಗಾಗಿ ಮೊದಲ ಹಿಂದಿನ ಬದಿ ನೋಡಬೇಕು, ಅಲ್ಲಿ ಚಿತ್ರ ಚಪ್ಪಟಿ ಆಗಿದ್ರ ಟಂಕಸಾಲಿದಲ್ಲ, ಗ್ಯಾರೇಜಿಂದು.”

ಇನ್ನೊಂದು ಸುಲಭದ್ದು ಐತಿ, ಮನ್ಯಾಗ ಕುಂತ ಮಾಡಬಹುದು. ಗಾಂಧಿ ಇಲ್ಲಾ ಸಿಂಹದ ಮುಖ ನೆಟ್ಟಗ ಹಿಡದು, ಪುಸ್ತಕದ ಹಾಳಿ ತಿರುವಿದಂಗ ನಾಣ್ಯ ಹೊಳ್ಳಿಸಿದ್ರ ಹಿಂದಿಂದೂ ನೆಟ್ಟಗ ಇರಬೇಕು. ವಾರಿ ಆಗಿದ್ರ ಅಚ್ಚು ತಿರುಗೈತಿ ಅಂತ ತಿಳಿ. ಮಂಜ್ಯಾ ತಕ್ಷಣ ಗಲ್ಲಾದ ಚಿಲ್ಲರೆಗೇ ಕೈ ಹಾಕಾಕ ಹೋಗಿ ಅಂಗಡಿಯವನ ಕಡೆ ಬೈಸಿಕೊಂಡ.

“ಅದೆಲ್ಲಾ ಇರ್ಲಿ, ನಂದಕ್ಕ ಲಕ್ಷ ಕೊಡ್ತೀನಂತ ಒಬ್ಬಾಂವ ಫೋನ್ ಮಾಡ್ಯಾನ್ರಿ, ಮೊದಲ ಮೂರು ಸಾವಿರ ರಿಜಿಸ್ಟ್ರೇಶನ್ ಫೀ ಕಟ್ಟಬೇಕಂತ, ರಿಸರ್ವ್ ಬ್ಯಾಂಕಿನ ಲೋಗೋನೂ ಕಳಿಸ್ಯಾನ” ಅಂದ ಬಸ್ಯಾ.

“ಲೇ, ರಿಸರ್ವ್ ಬ್ಯಾಂಕಿನವ್ರ 2021ರಾಗ ಹೇಳ್ಯಾರಲ್ಲೋ, ಹಂತಾ ವ್ಯವಹಾರ ನಾವು ಮಾಡಂಗಿಲ್ಲ, ಫೀನೂ ಕೇಳಂಗಿಲ್ಲ ಅಂತ! ಕಟ್ಟಿ ಕುಂತಿ ಏನ್ ಮತ್ತ?”

“ಛೇ, ಎಲ್ಲೀದ್ರಿ! ಅದಕ್ಕಂತನ ನಿಮ್ಮ ಕಡೆ ಕೈಗಡ ಕೇಳಾಕ ಬಂದೇನ್ರಿ.”