ಪದಚರ್ಚೆ: ‘ಲೋ ರೆಸಲ್ಯೂಶನ್’ ಫೋಟೋಗಳಿಗೆಲ್ಲ ಒಂದೇ ಹೆಸರು ಸಾಕಾ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಹವ್ಯಾಸಿ ನಾಟಕ ತಂಡದ ಹಳೇ ಫೋಟೋಗಳಿದ್ದ ಹಾರ್ಡ್ ಡಿಸ್ಕ್ ಕೈಕೊಟ್ಟಿತ್ತು. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದೆವು, ಹೆಚ್ಚುಕಡಿಮೆ ಎಲ್ಲ ವಾಪಸ್ ಬಂತು. ಬೇಡದ್ದೂ ರಾಶಿಗಟ್ಟಲೆ ಬಂತು. ಅದನ್ನು ಚೊಕ್ಕ ಮಾಡುವುದು ಹೇಗೆ ಅಂತ ತಂಡದವರಿಗೆ ಕನ್ನಡದಲ್ಲಿ ಒಂದು ಸೂಚನೆ ಬರೆಯುತ್ತಿದ್ದೇನೆ. ಓದುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಕಂಪ್ಯೂಟರ್ ಬರುತ್ತದೆ, ಇಂಗ್ಲಿಷ್ ಮೆನು ಓದುವ ತಾಳ್ಮೆ ಇಲ್ಲ. ಬರೆಯುತ್ತಾ ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ, ಬಲ್ಲವರು ಬಿಡಿಸಿ.

ಮೊದಲನೆಯದು ‘ಲೋ ರೆಸಲ್ಯೂಶನ್’, ಅಂದರೆ ಪಿಕ್ಸೆಲ್ ಎಂಬ ಚುಕ್ಕಿಗಳು ಕಡಿಮೆ ಇರುವ ಚಿತ್ರ. ಯಂತ್ರಾನುವಾದಕ್ಕೆ ಹಾಕಿದರೆ ‘ಕಡಿಮೆ ನಿರ್ಣಯದ ಚಿತ್ರ’ ಎಂದು ಬಂತು. ಗ್ರಾಮಸಭೆಯಲ್ಲಿ ಫೋಟೋ ಮಂಡಿಸಿದ ಹಾಗಿದೆ, ಅದನ್ನು ಬಿಡಿ. ಜನರ ಬಾಯಲ್ಲಿ ಇರುವ ಪದ ಕ್ಲಾರಿಟಿ. ‘ಇದ್ರಲ್ಲಿ ಕ್ಲಾರಿಟಿ ಇಲ್ಲ ಸಾರ್, ಒರಿಜಿನಲ್ ಕಳಿಸಿ’ ಅಂತ ಫ್ಲೆಕ್ಸ್ ಅಂಗಡಿಯವರು ಹೇಳುತ್ತಾರಲ್ಲ, ಅದು. ದೊಡ್ಡದು ಮಾಡಿದರೆ ‘ಒಡೆಯುತ್ತೆ’ ಅಂತಲೂ ಹೇಳುತ್ತಾರೆ. ಈ ಒಡೆಯುವುದು ನನಗೆ ಬಹಳ ಹಿಡಿಸಿತು. ಮುಖ ಚೌಕ ಚೌಕವಾಗಿ ಬಿಡಿಬಿಡಿ ಆಗುವುದು ಕಣ್ಣಿಗೆ ಕಟ್ಟುತ್ತದೆ.

ಆದರೆ ಕ್ಲಾರಿಟಿ ನನ್ನ ಕೆಲಸಕ್ಕೆ ಒದಗುವುದಿಲ್ಲ. ಕೈ ನಡುಗಿ ಮಸುಕಾದ ಫೋಟೋಗೂ ಕ್ಲಾರಿಟಿ ಇಲ್ಲ. ಅದು 12 ಮೆಗಾಪಿಕ್ಸೆಲ್‌ನದ್ದಾದರೆ 4000×3000 ಪಿಕ್ಸೆಲ್ ಇರುತ್ತದೆ, ‘ಚಿಕ್ಕ ಚಿತ್ರ ಹುಡುಕು’ ಅಂದರೆ ಸಿಗುವುದೇ ಇಲ್ಲ. ಎಷ್ಟು ಕೆಬಿ ಅಂತ ನೋಡಿದರೂ ಮೋಸ. ಕತ್ತಲ ರಂಗದ ಮೇಲೆ ಒಂದೇ ದೀಪ ಇರುವ ಫೋಟೋ ದೊಡ್ಡದಾಗಿದ್ದರೂ ಕಡತ ಪುಟ್ಟದಾಗಿರುತ್ತದೆ, ಯಾಕೆಂದರೆ ಫೋಟೋ ಉಳಿಸುವ ಜೆಪೆಗ್ ಎಂಬ ಕ್ರಮ ಬರೀ ಕಪ್ಪನ್ನು ಚೆನ್ನಾಗಿ ಒತ್ತಿಬಿಡುತ್ತದೆ. ನಾಟಕದ ಫೋಟೋಗಳಲ್ಲಿ ಕತ್ತಲೆಯೇ ಜಾಸ್ತಿ ನೋಡಿ.

ಇನ್ನು ರೆಸಲ್ಯೂಶನ್ ಅಂದರೆ ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಅಂದುಕೊಂಡವರೂ ಇದ್ದಾರೆ. ಪ್ರಾಪರ್ಟೀಸ್‌ನಲ್ಲಿ 72 ಅಂತ ಕಂಡರೆ ‘ಲೋ’ ಅಂತ ತೆಗೆದೇಬಿಡುತ್ತಾರೆ. ಆ 72 ಅಚ್ಚು ಹಾಕುವಾಗಿನ ಒಂದು ಸೂಚನೆ ಅಷ್ಟೇ. ಉದ್ದಕ್ಕೆ 3000 ಪಿಕ್ಸೆಲ್ ಇರುವ ಫೋಟೋ ಇಂಚಿಗೆ 300ರಂತೆ 10 ಇಂಚು ಧಾರಾಳವಾಗಿ ಅಚ್ಚಾಗುತ್ತದೆ, ಒಳಗೆ 72 ಎಂದು ಬರೆದಿದ್ದರೂ. ಹಾಗಾಗಿ ಸೂಚನೆಯಲ್ಲಿ ‘ರೆಸಲ್ಯೂಶನ್’ ಬಿಟ್ಟು ‘ಪಿಕ್ಸೆಲ್ ಲೆಕ್ಕ’ ಅಂತ ಬರೆದಿದ್ದೇನೆ. ಡಿಪಿಐಗೆ ‘ಇಂಚಿಗೆ ಇಷ್ಟು’. ಇದಕ್ಕೆ ಯಾರ ತಕರಾರೂ ಇರಲಾರದು ಅಂದುಕೊಂಡಿದ್ದೇನೆ.

ನನ್ನ ನಿಜವಾದ ತಲೆನೋವು ಮುಂದಿದೆ. ಚಿಕ್ಕ ಫೋಟೋಗಳು ಒಂದೇ ಜಾತಿಯವಲ್ಲ.

ಡಿಜಿಟಲ್ ಕ್ಯಾಮೆರಾ ಫೋಟೋ ಉಳಿಸುವಾಗ ಅದೇ ಕಡತದ ಹೊಟ್ಟೆಯೊಳಗೆ ಒಂದು ಪುಟಾಣಿ ಚಿತ್ರವನ್ನೂ ಇಡುತ್ತದೆ, ಸಾಮಾನ್ಯವಾಗಿ 160×120ರದ್ದು. ಹಿಂದಿನ ತೆರೆಯಲ್ಲಿ ಬೇಗ ತೋರಿಸುವುದಕ್ಕೆ. ಫೋಟೋರೆಕ್ ಇದನ್ನೂ ಬೇರೆ ಮಾಡಿ ಹೊರಗೆ ಹಾಕುತ್ತದೆ. ಫೋಟೋದ ಹೆಸರು ‘ಎಫ್’ ಅಕ್ಷರದಿಂದ ಶುರುವಾದರೆ ಪುಟಾಣಿಯದ್ದು ‘ಟಿ’ಯಿಂದ, ಮುಂದಿನ ಅಂಕಿ ಎರಡಕ್ಕೂ ಒಂದೇ. ಇದು ಒಂದು ಜಾತಿ.

ವಾಟ್ಸಾಪ್‌ನಲ್ಲಿ ಬಂದದ್ದು ಇನ್ನೊಂದು. ದೊಡ್ಡ ಫೋಟೋವನ್ನು ಅದು ಉದ್ದದ ಬದಿಗೆ ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ ಕಳಿಸುತ್ತಿತ್ತು. 2023ರಲ್ಲಿ ಎಚ್‌ಡಿ ಆಯ್ಕೆ ಕೊಟ್ಟರು, ಎಷ್ಟು ಜನ ಅದನ್ನು ಒತ್ತುತ್ತಾರೆ ಹೇಳಿ! ಆಂಡ್ರಾಯ್ಡ್‌ನಲ್ಲಿ ಇವುಗಳ ಹೆಸರಲ್ಲಿ ತಾರೀಖು, ಆಮೇಲೆ ‘ಡಬ್ಲ್ಯುಎ’, ಆಮೇಲೆ ಒಂದು ಅಂಕಿ. ತೆಗೆದ ಕ್ಯಾಮೆರಾ, ತೆಗೆದ ಹೊತ್ತು ಮುಂತಾದ ಎಕ್ಸಿಫ್ ವಿವರ ಹೋಗಿರುತ್ತದೆ. ಹೆಸರಲ್ಲಿರುವ ತಾರೀಖು ಬಂದು ಸೇರಿದ ದಿನದ್ದು, ನಾಟಕ ಆಡಿದ ದಿನದ್ದಲ್ಲ.

ಮೂರನೆಯದು ಹುಟ್ಟಿದ್ದೇ ಚಿಕ್ಕದಾಗಿ. 2003ರಲ್ಲಿ ಬಂದ ನೋಕಿಯಾ 6600 ನೆನಪಿದೆಯಾ? ಅದರ ಕ್ಯಾಮೆರಾ 640×480. ಆ ಕಾಲದ ರಿಹರ್ಸಲ್ ಫೋಟೋಗಳು ನಮ್ಮಲ್ಲಿ ಇರುವುದೇ ಅಂಥ ಫೋನಿನಲ್ಲಿ ತೆಗೆದವು. ಅದಕ್ಕಿಂತ ದೊಡ್ಡ ಪ್ರತಿ ಲೋಕದಲ್ಲೇ ಇಲ್ಲ.

ಈಗ ‘ಅಗಲ 800ಕ್ಕಿಂತ ಕಡಿಮೆ ಇರುವ ಕಡಿಮೆ ರೆಸಲ್ಯೂಶನ್ ಚಿತ್ರಗಳನ್ನು ಅಳಿಸಿ’ ಎಂದು ಬರೆದೆ ಅನ್ನಿ. ಮೊದಲನೆಯ ಜಾತಿಯ ಜೊತೆ ಮೂರನೆಯದೂ ಹೋಯಿತು. ವಾಟ್ಸಾಪ್‌ನದ್ದು ಅಗಲ ಜಾಸ್ತಿ ಇರುವುದರಿಂದ ಹಾಯಾಗಿ ಉಳಿಯಿತು. ಕಸ ಉಳಿದು ಅಸಲು ಹೋದಂತೆ. ಅದಕ್ಕೇ ಮೂರಕ್ಕೂ ಬೇರೆ ಬೇರೆ ಹೆಸರು ಬೇಕು. ನಾನು ಸದ್ಯಕ್ಕೆ ಇಟ್ಟುಕೊಂಡಿರುವುದು: ಮರಿಚಿತ್ರ, ಇಳಿಸಿದ ಪ್ರತಿ, ಚಿಕ್ಕ ಅಸಲು. ಅಸಲು-ನಕಲು ಎಲ್ಲರಿಗೂ ಗೊತ್ತು, ಕಚೇರಿಗೆ ಕಾಗದ ಪತ್ರ ಹೊತ್ತವರಿಗೆಲ್ಲ ಗೊತ್ತು. ‘ಥಂಬ್‌ನೇಲ್’ ಅಂತಲೇ ಬರೆಯಿರಿ ಅಂತ ಒಬ್ಬರು ಹೇಳಿದರು. ಆದರೆ ಈಗ ಥಂಬ್‌ನೇಲ್ ಅಂದರೆ ಜನಕ್ಕೆ ಯೂಟ್ಯೂಬ್ ವಿಡಿಯೋ ಮೇಲೆ ಹಾಕುವ ಬಣ್ಣಬಣ್ಣದ ಚಿತ್ರ. ಅದು 1280×720 ಇರಲಿ ಅಂತ ಯೂಟ್ಯೂಬೇ ಹೇಳುತ್ತಿತ್ತು. ಪುಟಾಣಿ ಅನ್ನುವ ಅರ್ಥ ಆ ಪದದಿಂದ ಜಾರಿಹೋಗಿದೆ, ಅಲ್ವಾ?

‘ಇಳಿಸಿದ ಪ್ರತಿ’ಯಲ್ಲಿ ಒಂದು ಅನುಮಾನ ಇದೆ. ಡೌನ್‌ಲೋಡ್‌ಗೂ ‘ಇಳಿಸಿಕೊಳ್ಳಿ’ ಅಂತೀವಿ. ‘ಕುಗ್ಗಿಸಿದ ಪ್ರತಿ’ ಮೇಲೋ?

ಇನ್ನೊಂದು ಕ್ರಿಯಾಪದ, ಆರಿಸು. ಡಿಜಿಕ್ಯಾಮ್ ಎಂಬ, ಫೋಟೋ ಜೋಡಿಸಿಡುವ ತಂತ್ರಾಂಶದಲ್ಲಿ ಅಗಲ, ಎತ್ತರ ಕೊಟ್ಟು ಹುಡುಕಿ, ಸಿಕ್ಕಿದ್ದರಲ್ಲಿ ಆರಿಸಬೇಕು. ಸೂಚನೆಯಲ್ಲಿ ‘ಫೋಟೋಗಳನ್ನು ಆರಿಸಿ’ ಅಂತ ಬರೆದೆ. ಓದಿದ ಹಿರಿಯರೊಬ್ಬರು ಕೇಳಿದ್ದು: ‘ಇಟ್ಕೊಳ್ಳೋಕ್ಕಾ, ಬಿಸಾಕೋಕ್ಕಾ?’ ನ್ಯಾಯವಾದ ಪ್ರಶ್ನೆ. ಹುಡುಗಿ ಆರಿಸಿದರೆ ಆರಿಸಿದ್ದು ಮನೆಗೆ ಬರುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದರೆ ಆರಿಸಿದ್ದು ಅಂಗಳಕ್ಕೆ ಹೋಗುತ್ತದೆ. ‘ಆಯ್ಕೆ ಮಾಡಿ’ ಅಂದರೂ ತಪ್ಪಿಸಿಕೊಳ್ಳಲಾಗದು. ಕಲ್ಲು ಆಯುವುದು, ಚಿಂದಿ ಆಯುವುದು ಎಲ್ಲ ಅದೇ ಮೂಲ. ಉತ್ತರ ಕರ್ನಾಟಕದ ಕಡೆ ‘ಹಸನ ಮಾಡು’ ಅಂತಾರೆ, ಅದರಲ್ಲಿ ಉಳಿಯುವುದರ ಮೇಲೆ ಕಣ್ಣಿದೆ, ಹೋಗುವುದರ ಮೇಲಲ್ಲ. ಇಡೀ ಕೆಲಸಕ್ಕೆ ಅದೇ ಸರಿಯಾದ ಹೆಸರು ಅನ್ನಿಸುತ್ತದೆ. ಮೈಸೂರು ಕಡೆಯವರಿಗೆ ತಟ್ಟನೆ ಹೊಳೆಯುತ್ತದಾ?

ಡಿಜಿಕ್ಯಾಮ್‌ನಲ್ಲಿ ಫೋಟೋಗೆ ಮೂರು ಬಾವುಟ ಹಚ್ಚಬಹುದು: ಕೆಂಪು, ಹಳದಿ, ಹಸಿರು. ಅವಕ್ಕೆ ತಿರಸ್ಕೃತ, ಬಾಕಿ, ಸ್ವೀಕೃತ ಅಂತ ಬರೆದರೆ ಅರ್ಜಿಯ ನೆನಪಾಗುತ್ತದೆ. ನಾನು ಬರೆದದ್ದು: ಬೇಡ, ನೋಡೋಣ, ಇರಲಿ. ಜೋಡಿಯಾಗಿ ‘ಎಫ್’ ಸಿಕ್ಕ ‘ಟಿ’ಗೆ, ಆ ‘ಎಫ್’ ಸರಿಯಾಗಿ ತೆರೆದುಕೊಂಡರೆ, ಬೇಡ. ವಾಟ್ಸಾಪ್‌ನದ್ದಕ್ಕೆ ಅಸಲು ಸಿಕ್ಕರೆ ಬೇಡ, ಸಿಗದಿದ್ದರೆ ನೋಡೋಣ. 640×480ಕ್ಕೆ, ಕ್ಯಾಮೆರಾ ಹೆಸರು ಒಳಗಿದ್ದರೆ, ಇರಲಿ.

ಒಂದು ಇನ್ನೂ ಕೂತಿಲ್ಲ. ಜೋಡಿ ಇಲ್ಲದ ಒಂಟಿ ‘ಟಿ’. ದೊಡ್ಡ ಫೋಟೋ ಕೆಟ್ಟುಹೋಗಿ, ಹೆಬ್ಬೆರಳಗಲದ ಮರಿ ಮಾತ್ರ ಬಂದಿದೆ. ಅಸಲಲ್ಲ, ಆದರೆ ನಕಲು ಅನ್ನೋಣವೆಂದರೆ ಅಸಲೇ ಇಲ್ಲ. ಇದನ್ನು ಏನೆಂದು ಕರೆದರೆ ಯಾರೂ ಕಸ ಅಂತ ಅಳಿಸುವುದಿಲ್ಲ? ಸ್ಟುಡಿಯೋ ಕೆಲಸ, ಡಿಟಿಪಿ ಕೆಲಸ ಮಾಡಿದವರು ಈ ಗುಂಪಿನಲ್ಲಿದ್ದರೆ ನಿಮ್ಮಲ್ಲಿ ಇದಕ್ಕೆ ಏನಂತಿದ್ದಿರಿ ಅಂತ ತಿಳಿಸಿ. ಹೊಸದಾಗಿ ಕಟ್ಟಿದ ಪದಕ್ಕಿಂತ ಬಳಕೆಯಲ್ಲಿದ್ದ ಪದ ಸಿಕ್ಕರೆ ಒಳ್ಳೆಯದು.